ಜ್ವರಕ್ಕೆ ಕಾದವರು

ಜನವರಿ ೧೧

ಅಕ್ಕಾ,

ನೀವು ನನ್ನನ್ನು ನೋಡಿಲ್ಲ, ನಾನೂ ನಿಮ್ಮನ್ನು ನೋಡಿಲ್ಲ. ನಿಮ್ಮ ಮೈದುನನನ್ನು ಮದುವೆಯಾದವಳು ನಾನು. ನೀವು ಮಗಳ ಕೈ ಹಿಡಿದುಕೊಂಡು ಈ ಮನೆ ಬಿಟ್ಟುಹೋದ ಮೂರು ವರ್ಷಕ್ಕೆ ಇಲ್ಲಿಗೆ ಬಂದೆ. ನಿಮ್ಮ ಮಾತನ್ನು ಇಲ್ಲಿ ಯಾರೂ ಎತ್ತುವುದಿಲ್ಲ. ಗೋಡೆಯ ಮೇಲೆ ಭಾವನವರ ಫೋಟೋ ಇದೆ. ಪಕ್ಕದಲ್ಲಿ ನಿಂತಿದ್ದ ನಿಮ್ಮನ್ನು ಕತ್ತರಿಸಿ ತೆಗೆದಿದ್ದಾರೆ, ಒಂದು ಭುಜ ಮಾತ್ರ ಉಳಿದಿದೆ. ನಾನು ಬಲ್ಲದ್ದು ಆ ಭುಜವನ್ನಷ್ಟೇ. ಅಂಥವರಿಗೆ ಬರೆಯಬೇಕಾದರೆ ನನ್ನ ಪಾಡು ಏನಾಗಿರಬಹುದು, ನೀವೇ ಊಹಿಸಿಕೊಳ್ಳಿ.

ಇವರು ಈಗಲೂ ಅದೇ ಬೇಕರಿಯಲ್ಲಿದ್ದಾರೆ. ನಸುಕಿಗೆ ಹೋಗಿ ಹಿಟ್ಟು ನಾದಿ, ಭಟ್ಟಿಯ ಮುಂದೆ ನಿಂತು ಬ್ರೆಡ್ ಬೇಯಿಸಿ, ಮಧ್ಯಾಹ್ನ ಬಂದು ಮಲಗುತ್ತಾರೆ. ಹೋದ ಬೇಸಿಗೆಯ ಕೊನೆಯಲ್ಲಿ ಒಂದು ದಿನ ಭಟ್ಟಿಯ ಬಾಯಿಗೇ ಕುಸಿದರು. ಜೊತೆಯವನು ಅಂಗಿಯ ಕಾಲರು ಹಿಡಿದು ಎಳೆಯದಿದ್ದರೆ ಮುಖವೇ ಹೋಗುತ್ತಿತ್ತು, ಮೊಣಕೈ ಸುಟ್ಟು ಬದುಕಿಕೊಂಡರು. “ಬಿಸಿಗೆ ತಲೆ ಸುತ್ತಿದೆ, ನೀರು ಜಾಸ್ತಿ ಕುಡೀರಿ” ಅಂದರು ಡಾಕ್ಟರು. ಇನ್ನೊಂದು ಸಲ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದವರು ಲೋಟದ ಸಮೇತ ಪಕ್ಕಕ್ಕೆ ವಾಲಿದರು. ಅಲ್ಲಿ ಯಾವ ಬಿಸಿ ಇತ್ತು?

ಹೋದ ವಾರ ಮಧ್ಯಾಹ್ನ ಇವರು ಮಲಗಿದ್ದರು. ನಾನು ಅದೇ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದೆ. ಲಾಂಡ್ರಿಯವರು ಬಟ್ಟೆ ಮನೆಗೇ ಕಳಿಸುತ್ತಾರೆ. ಏಕೋ ತಿರುಗಿ ನೋಡಿದೆ. ಕಣ್ಣು ಅರ್ಧ ತೆರೆದಿತ್ತು. ತುಟಿ ಬೂದಿಯ ಬಣ್ಣ. ಕೂಗಿದೆ, ಅಲುಗಿಸಿದೆ, ಕಡೆಗೆ ಎರಡೂ ಕೆನ್ನೆಗೆ ಪಟಪಟನೆ ಬಾರಿಸಿದೆ. ಒಂದು ದೊಡ್ಡ ಉಸಿರು ಎಳೆದುಕೊಂಡು ಎದ್ದವರು, “ಯಾಕೇ ಹೊಡೀತೀಯಾ? ನಾನೇನ್ ಮಾಡ್ದೆ?” ಅಂದರು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಆಮೇಲೆ ನೋಡಿದರೆ ಬಾಗಿಲಲ್ಲಿ ಅತ್ತೆ. ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಕೈಯನ್ನೇ ನೋಡುತ್ತಿದ್ದರು. ಹಾಗೇ ಒಳಗೆ ಹೋದರು. ಸಂಜೆ ಪೆಟ್ಟಿಗೆಯಿಂದ ಹಳೆಯ ಕವರಿನ ತುಂಡೊಂದನ್ನು ತಂದು ಇಸ್ತ್ರಿ ಮೇಜಿನ ಮೇಲೆ ಇಟ್ಟರು. ಅದರಲ್ಲಿ ನಿಮ್ಮ ಕನ್ನಡಕದ ಅಂಗಡಿಯ ವಿಳಾಸವಿತ್ತು.

“ಅವಳಿಗೆ ಬರಿ. ಅವಳಿಗೆ ಗೊತ್ತಿರುತ್ತೆ.”

“ಏನು ಗೊತ್ತಿರುತ್ತೆ ಅತ್ತೆ?”

“ಅವಳನ್ನೇ ಕೇಳು” ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಅಕ್ಕಾ, ಭಾವನವರು ಹೇಗೆ ಹೋದರು? ಈ ಪ್ರಶ್ನೆ ಕೇಳಲು ನನಗೆ ಯಾವ ಹಕ್ಕೂ ಇಲ್ಲ. ಆದರೂ ಕೇಳುತ್ತಿದ್ದೇನೆ.

ನಿಮ್ಮ ಓರಗಿತ್ತಿ

*

ಫೆಬ್ರವರಿ ೨

ನಿನ್ನ ಪತ್ರ ತಲುಪಿದೆ. ಆ ಮನೆಯ ಜೊತೆ ನನಗೆ ಮಾತಿಲ್ಲ. ಮಗಳಿಗೂ ಇಲ್ಲ. ಫೋನ್ ನಂಬರು ಹುಡುಕುವ ಗೋಜಿಗೆ ಹೋಗಬೇಡ. ನಿನ್ನ ಗಂಡನನ್ನು ಒಳ್ಳೆಯ ಡಾಕ್ಟರಿಗೆ ತೋರಿಸು.

ಇಷ್ಟು ಬರೆದು ಕವರು ಅಂಟಿಸಿದ್ದೆ. ಮತ್ತೆ ಹರಿದು ತೆಗೆದು ಇದೊಂದನ್ನು ಸೇರಿಸುತ್ತಿದ್ದೇನೆ. ನೀನು ಇಸ್ತ್ರಿ ಮಾಡುತ್ತಿದ್ದವಳು ತಿರುಗಿ ನೋಡಿದ್ದು ಯಾಕೆ? ಏನಾದರೂ ಸದ್ದು ಕೇಳಿಸಿತೇ? ಕೇಳಿಸಿದ್ದರೆ ಎಂಥ ಸದ್ದು?

ಕನ್ನಡಕದ ಅಂಗಡಿಯವಳು

*

ಫೆಬ್ರವರಿ ೯

ಅಕ್ಕಾ,

ಹೌದು, ಸದ್ದು ಕೇಳಿಸಿತ್ತು. ನೀವು ಕೇಳುವವರೆಗೆ ಅದು ನನ್ನ ನೆನಪಿನಲ್ಲೇ ಇರಲಿಲ್ಲ. ನೀರು ನಿಂತುಹೋದಾಗ ನಲ್ಲಿ ತಿರುಗಿಸಿದರೆ ಒಳಗಿನ ಗಾಳಿ ಗೊರಗೊರ ಎಂದು ಬರುತ್ತದಲ್ಲ, ಹಾಗೆ. ಗೊರಕೆಯಲ್ಲ. ಇವರ ಗೊರಕೆ ನನಗೆ ಚೆನ್ನಾಗಿ ಗೊತ್ತು, ಅದಕ್ಕೊಂದು ತಾಳ ಇದೆ. ಇದಕ್ಕೆ ತಾಳ ಇರಲಿಲ್ಲ.

ಮೊನ್ನೆ ಅದೇ ಸದ್ದು ಮತ್ತೆ ಕೇಳಿಸಿತು. ಈ ಸಲ ಇವರಿಗೆ ಎಚ್ಚರವಾಗಲು ಹೆಚ್ಚು ಹೊತ್ತು ಹಿಡಿಯಿತು. ಹಾಸಿಗೆ ಒದ್ದೆ ಮಾಡಿಕೊಂಡಿದ್ದರು. ನನ್ನ ಮುಖ ನೋಡಲಾಗದೆ ಚಾದರವನ್ನು ತಾವೇ ಒಗೆದು ಹಾಕಿದರು.

ನಾಲ್ಕು ಕಡೆ ತೋರಿಸಿದೆವು. ಒಬ್ಬರು ಫಿಟ್ಸ್ ಅಂದರು. ಒಬ್ಬರು ಗ್ಯಾಸು ಅಂದರು. ಇನ್ನೊಬ್ಬರು, “ಮನಸ್ಸಿಗೇನಾದ್ರೂ ಚಿಂತೆ ಇದ್ಯಾ? ಮನೇಲಿ ಜಗಳ?” ಎಂದು ನನ್ನ ಕಡೆ ನೋಡಿದರು. ಎದೆಯ ಇ.ಸಿ.ಜಿ. ತೆಗೆದವರು, “ನಿಮ್ಮ ಹಾರ್ಟು ಕುದುರೆ ಥರ ಇದೆ, ಹೋಗಿ” ಎಂದು ಬೆನ್ನು ತಟ್ಟಿದರು. ಆ ಕುದುರೆಯ ಪಕ್ಕದಲ್ಲಿ ಮಲಗುವವಳು ನಾನು.

ಬೇಕರಿಯಲ್ಲಿ ಭಟ್ಟಿಯ ಕೆಲಸ ತಪ್ಪಿಸಿ ಗಲ್ಲಾದ ಹತ್ತಿರ ನಿಲ್ಲಿಸಿದ್ದಾರೆ. ಹಿಟ್ಟು ಮುಟ್ಟದೆ ಹೊತ್ತೇ ಹೋಗುವುದಿಲ್ಲ ಎನ್ನುತ್ತಾರೆ ಇವರು. ಈಗ ಮಲಗಲು ಹೆದರಿಕೆ. ಕುರ್ಚಿಯಲ್ಲೇ ಕೂತು ತೂಕಡಿಸುತ್ತಾರೆ, ತಲೆ ವಾಲಿದರೆ ಬೆಚ್ಚಿ ಏಳುತ್ತಾರೆ. ನಾನು ಎದೆಯ ಮೇಲೆ ಕೈ ಇಟ್ಟುಕೊಂಡು ಕೂರುತ್ತೇನೆ. “ನೀನು ಹೀಗೆ ಯಮನ ಕಾವಲು ಕೂತ್ರೆ ಇರೋ ಉಸಿರೂ ನಿಲ್ಲುತ್ತೆ ಕಣೇ” ಎಂದು ತಮಾಷೆ ಮಾಡುತ್ತಾರೆ. ತಮಾಷೆ ಮಾಡಿ ನನ್ನ ಕೈ ತೆಗೆಯುವುದಿಲ್ಲ, ಇನ್ನಷ್ಟು ಒತ್ತಿ ಹಿಡಿದುಕೊಳ್ಳುತ್ತಾರೆ.

ನಿನ್ನೆ ನಿದ್ದೆಗಣ್ಣಿನಲ್ಲಿ ಯಾರದೋ ಅಂಗಿಯ ಬೆನ್ನು ಸುಟ್ಟೆ. ಇನ್ನೆಷ್ಟು ದಿನ ಎಚ್ಚರವಿರಬಲ್ಲೆ? ನೀವು ಆ ಮನೆಗೆ ಬರೆಯಬೇಡಿ. ನನಗೆ ಬರೆಯಿರಿ. ನಾನು ನಿಮಗೇನೂ ಮಾಡಿದವಳಲ್ಲ.

ನಿಮ್ಮ ಓರಗಿತ್ತಿ

*

ಫೆಬ್ರವರಿ ೨೦

ತಂಗೀ,

ನಲ್ಲಿಯ ಸದ್ದು ಎಂದು ಬರೆದಿದ್ದೀಯ. ಅದನ್ನು ಓದಿದಾಗ ನಾನು ಗಿರಾಕಿಯೊಬ್ಬರ ಗಾಜನ್ನು ಫ್ರೇಮಿಗೆ ಕೂರಿಸುತ್ತಿದ್ದೆ. ಗಾಜು ಕೈಯಲ್ಲೇ ಚಕ್ಕೆ ಎದ್ದಿತು. ಇಷ್ಟು ವರ್ಷ ಆ ಸದ್ದು ಕೇಳಿದ್ದು ಲೋಕದಲ್ಲಿ ನಾನೊಬ್ಬಳೇ ಅಂದುಕೊಂಡಿದ್ದೆ.

ಕೇಳಿದ್ದೀಯ, ಹೇಳುತ್ತೇನೆ. ಒಂದೇ ಸಲ ಹೇಳುತ್ತೇನೆ.

ಅದೊಂದು ರಜೆಯ ದಿನ. ಹಿಂದಿನ ದಿನದಿಂದ ಅವರಿಗೆ ಜ್ವರ. ಮೈ ಕೆಂಡದ ಹಾಗೆ ಸುಡುತ್ತಿತ್ತು. ಗಂಜಿ ಕುಡಿದು, ಮಗಳನ್ನು ಪಕ್ಕದಲ್ಲಿ ಹಾಕಿಕೊಂಡು ಹರಟುತ್ತಾ ನಿದ್ದೆ ಹೋದರು. ಮಗು ಎದ್ದು ಆಡಲು ಹೋಯಿತು. ನಾನು ಅಡುಗೆಮನೆಯಲ್ಲಿದ್ದೆ. ಸದ್ದು ಕೇಳಿತು. ನಲ್ಲಿ ನೋಡಿದೆ, ತಂಗೀ. ಆಣೆಯಾಗಿ ಹೇಳುತ್ತೇನೆ, ಮೊದಲು ನಾನು ತಿರುಗಿ ನಲ್ಲಿಯನ್ನೇ ನೋಡಿದೆ.

ಆಮೇಲೆ ಓಡಿದೆ. ಕೂಗಿದೆ. ನೀರು ಚೆಲ್ಲಿದೆ. ಭುಜ ಹಿಡಿದು ಎತ್ತಿ ಕೆಳಗೆ ಕುಕ್ಕಿದೆ. ಕೆನ್ನೆಗೆ ಹೊಡೆದೆ, ಎದೆಗೆ ಗುದ್ದಿದೆ, ಮತ್ತೆ ಹೊಡೆದೆ. ನೀನು ಹೊಡೆದೆ, ನಿನ್ನವರು ಎದ್ದರು. ನಾನು ಹೊಡೆದೆ, ನನ್ನವರು ಏಳಲಿಲ್ಲ. ನಿನಗೂ ನನಗೂ ಇರುವ ವ್ಯತ್ಯಾಸ ಅಷ್ಟೇ.

ನಾನು ಹೊಡೆಯುತ್ತಿರುವಾಗಲೇ ಅತ್ತೆ ಬಾಗಿಲಿಗೆ ಬಂದರು. ಅವರು ಕಂಡದ್ದು ಮಲಗಿದ ಮಗನ ಮುಖಕ್ಕೆ ಸೊಸೆ ಬಾರಿಸುವುದನ್ನು. ಹಿಂದಿನ ವಾರ ನಾವು ಗಂಡ ಹೆಂಡತಿ ಯಾವುದೋ ಸಣ್ಣ ಮಾತಿಗೆ ಜಗಳವಾಡಿದ್ದೆವು, ಅದೂ ಅತ್ತೆಯ ಕಿವಿಗೆ ಬಿದ್ದಿತ್ತು. ಅಷ್ಟು ಸಾಕಾಯಿತು. ಬಂದವರಿಗೆಲ್ಲ, “ಹೊಡೆದು ಕೊಂದ್ಳು, ನನ್ನ ಮಗನ್ನ ನುಂಗ್ಕೊಂಡ್ಳು” ಎಂದರು. ಕೆನ್ನೆಯ ಮೇಲೆ ನನ್ನ ಬೆರಳಿನ ಗುರುತು ಎಲ್ಲರಿಗೂ ಕಾಣುತ್ತಿತ್ತು. ನಾನು ಏನೆಂದು ಹೇಳಲಿ? ಆರು ವರ್ಷದ ಮಗಳ ಎದುರಿಗೇ ಅಂದರು. ಅವಳು ಸಂಜೆ ನನ್ನ ಹತ್ತಿರ ಬಂದು, “ಅಮ್ಮಾ, ಅಪ್ಪಂಗೆ ತುಂಬಾ ನೋವಾಯ್ತಾ?” ಎಂದಳು. ಆಮೇಲೆ ಆ ಮನೆಯಲ್ಲಿ ನೀರು ಕುಡಿಯಲೂ ಮನಸ್ಸಾಗಲಿಲ್ಲ.

ವಿಳಾಸವನ್ನು ಅವರೇ ಕೊಟ್ಟರೆಂದು ಬರೆದಿದ್ದೀಯ. ಅವರು ನಿನ್ನ ಕೈಯನ್ನು ಯಾಕೆ ನೋಡುತ್ತಿದ್ದರೆಂದು ಈಗ ನಿನಗೆ ತಿಳಿದಿರಬೇಕು.

ಮಗಳಿಗೆ ಈಗ ಹದಿನೇಳು. ಮನೆಯಲ್ಲಿ ಗುಬ್ಬಿ ಅಂತಲೇ ಕರೆಯುತ್ತೇನೆ. ಅವಳಿಗೆ ನಿನ್ನ ಪತ್ರದ ವಿಷಯ ಹೇಳಿಲ್ಲ.

ಅಕ್ಕ ಎಂದು ಕರೆದಿದ್ದೀಯ, ಹಾಗೇ ಸಹಿ ಮಾಡುತ್ತೇನೆ.

ಅಕ್ಕ

*

ಮಾರ್ಚ್ ೧೫

ಅಕ್ಕಾ,

ನಿಮ್ಮ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಓದಿದ್ದು ತಪ್ಪೆನಿಸಿದರೆ ಬೈಯಿರಿ. ಪೂರ್ತಿ ಕೇಳಿಸಿಕೊಂಡರು. “ಒಲೆ ಮೇಲೆ ಹಾಲಿದೆ, ಉಕ್ಕುತ್ತೆ ನೋಡು” ಅಂದರು. ಒಲೆಯ ಮೇಲೆ ಏನೂ ಇರಲಿಲ್ಲ.

ಪತ್ರವನ್ನು ಹೃದಯದ ಡಾಕ್ಟರ ಬಳಿಗೂ ತೆಗೆದುಕೊಂಡು ಹೋದೆ. ಈ ಸಲದವರು ಹೆಂಗಸು, ಚಿಕ್ಕ ವಯಸ್ಸು. ಮೇಜಿನ ಆ ಕಡೆಯಿಂದ ಎದ್ದು ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು ಕೇಳಿದರು. ಜ್ವರದ ಮಾತು ಬಂದ ಕೂಡಲೇ, “ನಿಲ್ಲಿಸಿ, ಅದನ್ನ ಇನ್ನೊಂದ್ಸಲ ಓದಿ” ಅಂದರು. ಕುಸಿದು ಬಿದ್ದ ದಿನಗಳಲ್ಲಿ ಇವರಿಗೂ ಮೈ ಬಿಸಿ ಇತ್ತೇ ಎಂದು ಕೇಳಿದರು. ಭಟ್ಟಿಯ ಮುಂದೆ ನಿಲ್ಲುವವರ ಮೈ ಯಾವಾಗ ಬಿಸಿ ಇರುವುದಿಲ್ಲ? ಆದರೆ ಚಾದರ ಒದ್ದೆಯಾದ ದಿನ ಗಂಟಲು ನೋವು, ಮೈಕೈ ನೋವು ಎಂದಿದ್ದು ನೆನಪಾಯಿತು.

ಅವರು ಹೇಳಿದ್ದು ಹೀಗೆ. ಕೆಲವು ಮನೆತನಗಳಲ್ಲಿ ಹೃದಯದ ಬಡಿತದ ಲಯದಲ್ಲೇ ಒಂದು ದೋಷ ಇರುತ್ತದಂತೆ. ಹೃದಯ ಗಟ್ಟಿಯಾಗೇ ಇರುತ್ತದೆ, ನಡೆಸುವ ತಾಳ ಮಾತ್ರ ತಪ್ಪುತ್ತದೆ, ಅದೂ ಹೆಚ್ಚಾಗಿ ನಿದ್ದೆಯಲ್ಲಿ, ವಿಶ್ರಾಂತಿಯಲ್ಲಿ. ಸಾಧಾರಣ ದಿನಗಳಲ್ಲಿ ಇ.ಸಿ.ಜಿ.ಯಲ್ಲಿ ಅಡಗಿ ಕೂತಿರುತ್ತದೆ. ಜ್ವರ ಬಂದಾಗ ಹೊರಗೆ ಬರುತ್ತದೆ. ಔಷಧಿ ಕೊಟ್ಟು ಅದನ್ನು ಹೊರಗೆಳೆಯುವ ಪರೀಕ್ಷೆಯೂ ಇದೆಯಂತೆ, ದೊಡ್ಡ ಆಸ್ಪತ್ರೆಯಲ್ಲಿ. ಹೆಸರು ಬರೆಸಿದ್ದೇವೆ, ಸರದಿ ಬರಲು ತಿಂಗಳುಗಳೇ ಬೇಕು. “ಅಷ್ಟರೊಳಗೆ ಜ್ವರ ಬಂದ್ರೆ ಒಂದು ನಿಮಿಷಾನೂ ಮನೇಲಿ ಕೂರಬೇಡಿ. ಹಾಗೇ ಎತ್ಕೊಂಡು ಬನ್ನಿ” ಅಂದರು.

ನನ್ನ ಸ್ಥಿತಿ ನೋಡಿ ಅಕ್ಕಾ. ಜ್ವರ ಬಂದರೆ ಇವರು ಹೋಗಬಹುದು. ಬಾರದಿದ್ದರೆ ಕಾಯಿಲೆ ಯಾವುದೆಂದು ತಿಳಿಯುವುದಿಲ್ಲ, ಆಗಲೂ ಹೋಗಬಹುದು. ಗಂಡನಿಗೆ ಜ್ವರ ಬರಲಿ ಎಂದು ಕಾಯುತ್ತಾ, ಬಾರದಿರಲಿ ಎಂದು ಬೇಡಿಕೊಳ್ಳುತ್ತಾ ಕೂತಿದ್ದೇನೆ. ಇವರು, “ಒದ್ದೆ ಬಟ್ಟೇಲಿ ಒಂದು ರಾತ್ರಿ ಹೊರಗೆ ಕೂತ್ಕೊಳ್ಲಾ? ಬೇಗ ಇತ್ಯರ್ಥ ಆಗುತ್ತೆ” ಅಂದರು. ನನಗೆ ಬಂದ ಸಿಟ್ಟಿಗೆ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಎಸೆಯದೇ ಇದ್ದದ್ದು ದೊಡ್ಡದು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು.

ಅತ್ತೆ ಹೋಗುತ್ತಾ ಬರುತ್ತಾ ಮಗನ ಹಣೆ ಮುಟ್ಟಿ ನೋಡುತ್ತಾರೆ. ತಣ್ಣಗಿದೆ ಎಂದು ಹೇಳಲು ಅವರಿಗೂ ಧೈರ್ಯವಿಲ್ಲ.

ತಂಗಿ

*

ಏಪ್ರಿಲ್ ೨೮

ಅಕ್ಕಾ,

ಬಂತು.

ಬೇಕರಿಯಲ್ಲಿ ನಿಂತಿದ್ದವರಿಗೆ ಚಳಿ ಹತ್ತಿತಂತೆ. ಸುದ್ದಿ ಬಂದ ಕೂಡಲೇ ಓಡಿದೆ. ಬ್ರೆಡ್ ಸಾಗಿಸುವ ಗಾಡಿಯಲ್ಲೇ ಖಾಲಿ ಟ್ರೇಗಳ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ, “ಕಣ್ಣು ಮುಚ್ಚಬೇಡಿ, ನನ್ನ ಬೈಯಿರಿ, ಏನಾದ್ರೂ ಮಾತಾಡಿ” ಎನ್ನುತ್ತಿದ್ದೆ. “ಏನಂತ ಬೈಯಲಿ, ಇವತ್ತು ನೀನೇನೂ ತಪ್ಪು ಮಾಡಿಲ್ವಲ್ಲೇ” ಅಂದರು.

ಇ.ಸಿ.ಜಿ. ಯಂತ್ರದಿಂದ ಕಾಗದ ಹೊರಗೆ ಬರುತ್ತಿದ್ದಂತೆ ಡಾಕ್ಟರಮ್ಮ ಬೆರಳಿಟ್ಟು, “ಇಲ್ನೋಡಿ, ಸಿಕ್ಕಿತು” ಅಂದರು. ನಾನು ನೋಡಲಿಲ್ಲ. ಇವರ ಮುಖ ನೋಡುತ್ತಿದ್ದೆ. ಅಷ್ಟರಲ್ಲಿ ಆ ಸದ್ದು ಬಂತು. ಎಲ್ಲರೂ ನುಗ್ಗಿದರು. ನನ್ನನ್ನು ಪರದೆಯ ಹೊರಗೆ ತಳ್ಳಿದರು. “ದೂರ ಸರೀರಿ” ಎಂದು ಯಾರೋ ಕೂಗಿದರು, ಮಂಚ ಧಡ್ ಎಂದಿತು. ಒಂದು ಸಲ. ಮತ್ತೊಂದು ಸಲ. ನಾನು ಪರದೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದೆ. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ, “ಅವಳೆಲ್ಲಿ?” ಎಂಬ ಧ್ವನಿ ಬಂತು.

ನಾವು ಮನೆಯಲ್ಲಿದ್ದಿದ್ದರೆ ಕೆನ್ನೆಗೆ ಹೊಡೆಯುತ್ತಾ ಕೂತಿರುತ್ತಿದ್ದೆ. ನೀವು ಜ್ವರದ ವಿಷಯ ಬರೆಯದಿದ್ದರೆ ಮನೆಯಲ್ಲೇ ಇರುತ್ತಿದ್ದೆವು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಈಗ ಕೊರಳೆಲುಬಿನ ಕೆಳಗೆ ಚರ್ಮದೊಳಗೆ ಒಂದು ಸಣ್ಣ ಯಂತ್ರ ಇಟ್ಟಿದ್ದಾರೆ. ತಾಳ ತಪ್ಪಿದರೆ ಅದೇ ಒಳಗಿನಿಂದ ಕರೆಂಟಿನ ಪೆಟ್ಟು ಹೊಡೆದು ಎಬ್ಬಿಸುತ್ತದಂತೆ. “ಇನ್ಮೇಲೆ ನಿನ್ನ ಕೈಗೆ ವಿಶ್ರಾಂತಿ” ಎನ್ನುತ್ತಾರೆ.

ಇನ್ನೊಂದು ವಿಷಯ. ಇದು ರಕ್ತದಲ್ಲಿ ಇಳಿದು ಬರುವಂಥದ್ದು, ಮನೆಯವರೆಲ್ಲ ಪರೀಕ್ಷೆ ಮಾಡಿಸಬೇಕು ಅಂದರು. ಅತ್ತೆಯದು ತೆಗೆದರು. ಜ್ವರವೂ ಬೇಕಾಗಲಿಲ್ಲ, ಔಷಧಿಯೂ ಬೇಕಾಗಲಿಲ್ಲ, ಅದೇ ಗುರುತು ಎದ್ದು ಕಾಣುತ್ತಿತ್ತು. ಅತ್ತೆ ಡಾಕ್ಟರನ್ನು ಕೇಳಿದರು, “ಹಾಗಾದ್ರೆ ನಾನ್ಯಾಕೆ ಬದುಕಿದ್ದೀನಿ?” ಹೆಂಗಸರಲ್ಲಿ ಎಷ್ಟೋ ಸಲ ಇದು ತೊಂದರೆ ಕೊಡದೆ ಇದ್ದುಬಿಡುತ್ತದೆ, ಮಕ್ಕಳಿಗೆ ಮಾತ್ರ ದಾಟುತ್ತದೆ ಎಂದು ಅವರು ಮೆತ್ತಗೆ ಹೇಳಿದರು. ಅತ್ತೆ ತಲೆಯಾಡಿಸಿದರು. ಅವತ್ತಿನಿಂದ ಎರಡು ತುತ್ತು ತಿಂದರೆ ಹೆಚ್ಚು. ಮಾತು ಪೂರ್ತಿ ನಿಂತಿದೆ.

ಅಕ್ಕಾ, ಬರೆಯಲು ಕೈ ಬರುತ್ತಿಲ್ಲ. ಗುಬ್ಬಿಯನ್ನು ತೋರಿಸಿ. ದಯವಿಟ್ಟು ತಡ ಮಾಡಬೇಡಿ.

ತಂಗಿ

*

ಮೇ ೩೦

ತಂಗೀ,

ಗುಬ್ಬಿಗೂ ಇದೆ.

ಇಲ್ಲಿಯ ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ನೋಡಿದರು. ಯಂತ್ರ ಇಡುವುದಿಲ್ಲವಂತೆ. ಇನ್ನೂ ಒಂದು ಸಲವೂ ತಲೆ ಸುತ್ತಿಲ್ಲ, ಚಿಕ್ಕ ಹುಡುಗಿ, ಸುಮ್ಮನೆ ಕೊಯ್ಯುವುದು ಬೇಡ ಎನ್ನುತ್ತಾರೆ. ಕೆಲವು ಮಾತ್ರೆಗಳನ್ನು ನುಂಗಬಾರದು. ಜ್ವರ ಬಂದರೆ ಓಡಿ ಬರಬೇಕು. “ಉಳಿದಂತೆ ಹಾಯಾಗಿರಿ” ಅಂದರು. ಹಾಯಾಗಿ! ಗಂಡನನ್ನು ಹಾಗೆ ಕಳೆದುಕೊಂಡವಳು, ಅವನ ಮುಖವನ್ನೇ ಹೊತ್ತ ಮಗಳು ಕಣ್ಣು ಮುಚ್ಚುವುದನ್ನು ನೋಡುತ್ತಾ ಹಾಯಾಗಿರಬೇಕಂತೆ.

ಅವಳು ನಗುತ್ತಾಳೆ. “ಅಮ್ಮಾ, ಹಂಗೆ ಗುರಾಯಿಸಿ ನೋಡ್ತಾ ಕೂತ್ರೆ ನಂಗೆ ನಿದ್ದೆ ಬರಲ್ಲ” ಎನ್ನುತ್ತಾಳೆ. ನಿನ್ನೆ ಅವಳ ಹಾಸಿಗೆ ಮಡಿಸುವಾಗ ದಿಂಬಿನ ಅಡಿ ಒದ್ದೆಯಾಗಿತ್ತು. ತೆಗೆದು ಬಿಸಿಲಿಗೆ ಹಾಕಿದೆ. ಅಪ್ಪ ಹೇಗೆ ಹೋದರೆಂದು ಈಗ ಎಲ್ಲ ಹೇಳಿದ್ದೇನೆ. “ಹಾಗಾದ್ರೆ ನೀನು ಹೊಡೆದದ್ದು ಬದುಕಿಸೋಕಾ?” ಎಂದಳು. ಇಷ್ಟು ವರ್ಷ ಒಳಗೆ ಏನು ಇಟ್ಟುಕೊಂಡಿದ್ದಳೋ ನನ್ನ ಕೂಸು. ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಅತ್ತೆಯ ರಕ್ತದಲ್ಲಿದ್ದದ್ದಕ್ಕೆ ನಾನು ಕೊಲೆಗಾತಿಯಾದೆ. ನೀನು ಅವರ ಊಟ ನಿಂತಿತು, ಮಾತು ನಿಂತಿತು ಎಂದು ಬರೆದಾಗ ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ತಿನ್ನದಿರಲಿ ಅನ್ನಿಸಿತು. ನನ್ನದು ಅಷ್ಟು ದೊಡ್ಡ ಮನಸ್ಸಲ್ಲ, ತಂಗೀ. ಗುಬ್ಬಿಯ ಸುದ್ದಿಯನ್ನು ಅವರಿಗೆ ಹೇಳು. ಹೇಳುವಾಗ ಅವರ ಮುಖ ಹೇಗಾಯಿತೆಂದು ನನಗೆ ಬರೆ.

ಅಕ್ಕ

*

ಜೂನ್ ೧೬

ಅಕ್ಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಅತ್ತೆ ಮನೆಯಲ್ಲಿಲ್ಲ.

ಗುಬ್ಬಿಯ ವಿಷಯವನ್ನು ಹೇಳಲೋ ಬೇಡವೋ ಎಂದು ಒದ್ದಾಡುತ್ತಿದ್ದೆ. ಅಷ್ಟರಲ್ಲಿ ಮೊನ್ನೆ ಮಲಗಿದ್ದಾಗ ಇವರ ಯಂತ್ರ ಹೊಡೆಯಿತು. “ಎದೆಗೆ ಕುದುರೆ ಒದ್ದಂಗಾಯ್ತು” ಎಂದು ಎದ್ದು ಕೂತರು. ಬದುಕಿದ್ದಾರೆ. ಯಾರೂ ಮುಟ್ಟದೆ, ತಾವಾಗೇ ಎದ್ದು ಕೂತರು. ಅತ್ತೆ ನೋಡುತ್ತಾ ನಿಂತಿದ್ದರು. “ಅಲ್ಲಿ ಹುಡುಗಿಗೂ ಇದ್ಯಂತಾ?” ಎಂದು ನನ್ನನ್ನೇ ಕೇಳಿದರು. ಹೌದು ಅಂದೆ. ಮುಖ ಹೇಗಾಯಿತೆಂದು ಕೇಳಿದ್ದೀರಿ. ನನಗೆ ನೋಡಲಾಗಲಿಲ್ಲ, ಕ್ಷಮಿಸಿ.

ಇವತ್ತು ಬೆಳಿಗ್ಗೆ ನೋಡಿದರೆ ಮೂಲೆಯಲ್ಲಿ ಅವರ ಚೀಲವೂ ಇಲ್ಲ, ಬಾಗಿಲಲ್ಲಿ ಚಪ್ಪಲಿಯೂ ಇಲ್ಲ. ಒಬ್ಬರೇ ಬೀದಿ ತುದಿಯವರೆಗೂ ಹೋದವರಲ್ಲ. ಇವರು ಬಸ್ ನಿಲ್ದಾಣದಲ್ಲಿ ವಿಚಾರಿಸಲು ಹೋಗಿದ್ದಾರೆ. ನಿಮ್ಮಲ್ಲಿಗೇನಾದರೂ ಬಂದರೆ ತಿಳಿಸಿ. ಬಾಗಿಲು ಹಾಕಿಕೊಂಡರೂ ನಾನು ಬೇಡ ಅನ್ನುವುದಿಲ್ಲ. ಬಂದರೆಂಬುದನ್ನು ಮಾತ್ರ ತಿಳಿಸಿ.

ತಂಗಿ

*

ಜೂನ್ ೨೩

ತಂಗೀ,

ಅಂಗಡಿಯಿಂದ ಬೇಕರಿಗೆ ಮಾಡಿಸಿದ ಫೋನು ನಿಮಗೆ ತಲುಪಿರುತ್ತದೆ. ಅತ್ತೆ ಇಲ್ಲೇ ಇದ್ದಾರೆ. ನಡೆದದ್ದನ್ನು ಫೋನಿನಲ್ಲಿ ಹೇಳಲಾಗುತ್ತಿರಲಿಲ್ಲ.

ಅವರು ಹೊರಟ ದಿನವೇ ಗುಬ್ಬಿಗೆ ಜ್ವರ ಬಂದಿತ್ತು. ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದೆ. ಎದೆಗೆಲ್ಲ ತಂತಿ ಅಂಟಿಸಿ, ತಲೆಯ ಹತ್ತಿರ ಎದೆಬಡಿತ ತೋರಿಸುವ ಪರದೆ ಇಟ್ಟು, ಜ್ವರ ಇಳಿಸಲು ಒದ್ದೆ ಬಟ್ಟೆ ಹಾಕುತ್ತಿದ್ದರು. ಎರಡು ದಿನದಿಂದ ನಾನು ರೆಪ್ಪೆ ಮುಚ್ಚಿರಲಿಲ್ಲ. ಪರದೆಯ ಮೇಲಿನ ಗೆರೆ ನೋಡಿ ನೋಡಿ ಗೋಡೆಯ ಮೇಲೂ ಅದೇ ಗೆರೆ ಓಡುತ್ತಿತ್ತು.

ಬಾಗಿಲಲ್ಲಿ ಯಾರೋ ಮುದುಕಿ ಚೀಲ ಹಿಡಿದು ನಿಂತಿದ್ದರು. ದಾರಿ ತಪ್ಪಿ ಬಂದ ರೋಗಿ ಅಂದುಕೊಂಡೆ, ಅಷ್ಟು ಕುಗ್ಗಿಹೋಗಿದ್ದಾರೆ. ಎರಡು ದಿನ ಬಸ್ಸು ಬದಲಿಸುತ್ತಾ ಊರು ಸೇರಿ, ಅಂಗಡಿಗೆ ಹೋಗಿ, ಅಲ್ಲಿಂದ ಕೇಳಿಕೊಂಡು ನಡೆದೇ ಬಂದಿದ್ದಾರೆ. ನೇರ ಮಂಚದ ಬಳಿಗೆ ಹೋಗಿ ಗುಬ್ಬಿಯ ಮುಖವನ್ನು ನೋಡುತ್ತಾ ನಿಂತರು.

“ಯಾರಮ್ಮಾ ಇವ್ರು?” ಎಂದಳು ಗುಬ್ಬಿ.

ನಾನು ಬಾಯಿ ತೆರೆಯುವ ಮೊದಲೇ ಅವರು, “ನಿನ್ನ ಅಜ್ಜಿ. ನಿನ್ನ ಎದೇಲಿರೋ ಕಾಯಿಲೆ ನಾನು ಕೊಟ್ಟಿದ್ದು” ಅಂದರು.

ಗುಬ್ಬಿ, “ಬೇರೇನೂ ಕೊಡೋಕೆ ಸಿಗ್ಲಿಲ್ವಾ ಅಜ್ಜಿ?” ಎಂದಳು. ಆ ಮುದುಕಿಯ ಮುಖ ಒಡೆದುಹೋಯಿತು, ತಂಗೀ. ನೀನು ಬರೆಯದೇ ಬಿಟ್ಟದ್ದನ್ನು ನಾನೇ ಕಂಡೆ. ಕಂಡರೆ ತೃಪ್ತಿಯಾಗುತ್ತದೆ ಅಂದುಕೊಂಡಿದ್ದೆ.

ನನ್ನನ್ನು ಹೊರಗೆ ಕರೆದರು. ಕ್ಷಮಿಸು ಎನ್ನುತ್ತಾರೆ, ಆಗ ಏನೇನು ಹೇಳಬೇಕೆಂದು ಹನ್ನೊಂದು ವರ್ಷದಿಂದ ಸಾಣೆ ಹಿಡಿದಿಟ್ಟುಕೊಂಡಿದ್ದೆ. ಅವರು ಹಾಗೆನ್ನಲಿಲ್ಲ. “ಅವತ್ತು ಆ ಸದ್ದು ನಂಗೂ ಕೇಳಿಸಿತ್ತು. ಅದನ್ನ ಕೇಳೇ ಓಡಿ ಬಂದೆ. ನೀನು ಹೊಡೆಯೋಕೆ ಮೊದಲೇ ಅವನಿಗೇನೋ ಆಗಿತ್ತು ಅಂತ ನಂಗೆ ಗೊತ್ತಿತ್ತು” ಅಂದರು. “ಗೊತ್ತಿದ್ದೂ ನೀನೇ ಕೊಂದೆ ಅಂದೆ. ನಿನ್ನ ಮೇಲೆ ಹಾಕದೇ ಇದ್ದಿದ್ರೆ ನಾನು ಹುಚ್ಚಿ ಆಗ್ತಿದ್ದೆ.”

ಆ ಕಾರಿಡಾರಿನಲ್ಲಿ ನಾನು ಕಿರುಚಿದ ಕಿರುಚಾಟಕ್ಕೆ ನರ್ಸುಗಳು ಓಡಿ ಬಂದರು. ಏನೇನು ಅಂದೆನೋ ನನಗೇ ನೆನಪಿಲ್ಲ. ಅವರು ಗೋಡೆಗೊರಗಿ ನಿಂತು ಎಲ್ಲ ಕೇಳಿಸಿಕೊಂಡರು. ನನ್ನ ಧ್ವನಿ ಉಡುಗಿಹೋದ ಮೇಲೆ, “ಇನ್ನೂ ಇದ್ರೆ ಆಮೇಲೆ ಅನ್ನು. ಈಗ ಮಲಕ್ಕೋ. ಹುಡುಗಿ ಹತ್ರ ನಾನಿರ್ತೀನಿ” ಅಂದರು.

“ನಿಮ್ಮನ್ನ ನಂಬಿ ಮಲಗ್ಲಾ?”

“ಇನ್ಯಾರಿದ್ದಾರೆ? ಆ ಸದ್ದು ಗೊತ್ತಿರೋರು ನಾನೂ ನೀನೂ ಇಬ್ರೇ ಇಲ್ಲಿ.”

ಮಂಚದ ಪಕ್ಕದ ನೆಲದ ಮೇಲೆ ಹಾಗೇ ಮಲಗಿದೆ. ಎಚ್ಚರವಾದಾಗ ಕಿಟಕಿಯಲ್ಲಿ ಬೇರೆ ದಿನದ ಬಿಸಿಲಿತ್ತು. ಅವರು ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದರು, ಅಂಗೈ ಗುಬ್ಬಿಯ ಎದೆಯ ಮೇಲೆ. ಗುಬ್ಬಿ, “ಅಜ್ಜಿ, ಕೈ ಭಾರ” ಎಂದು ಗೊಣಗುತ್ತಿದ್ದಳು. “ಇರ್ಲಿ” ಎನ್ನುತ್ತಿದ್ದರು. ಅವಳ ಹಣೆ ಮುಟ್ಟಿದೆ. ಬೆವರಿತ್ತು. ತಣ್ಣಗಿತ್ತು.

ಈ ಸಲ ದಾಟಿದೆವು. ಮುಂದಿನ ಜ್ವರದ ಮಾತನ್ನು ಯಾರೂ ಆಡುವುದಿಲ್ಲ. ಡಾಕ್ಟರು ಮತ್ತೆ ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ.

ನಿನ್ನವರಿಗೆ ಹೇಳು, ಅಮ್ಮ ಊಟ ಮಾಡುತ್ತಿದ್ದಾರೆ. ಯಾವಾಗ ವಾಪಸು ಕಳಿಸುತ್ತೀರಿ ಎಂದು ಮಾತ್ರ ಈಗಲೇ ಕೇಳಬೇಡ. ನಾನು ಇನ್ನೂ ಅವರಿಗೆ ಬೈದು ಮುಗಿಸಿಲ್ಲ.

ನಿನ್ನ ಅಕ್ಕ